ಉಸಿರು ಬಿಡದ ಪೀಪಾಯಿ

"ಯಜಮಾನ್ರು ಬರಲೇ ಇಲ್ವಲ್ಲಮ್ಮಾ. ಶನಿವಾರದಿಂದ ಕಾಯ್ತಾ ಇದ್ವಿ."

ಬಾಟಲಿ ಕಾರ್ಖಾನೆಯ ಲಾರಿ ಚಾಲಕ ಮಂಗಳವಾರ ಬೆಳಿಗ್ಗೆ ಈ ಮಾತು ಹೇಳಿದಾಗ ನನ್ನ ಕೈಯಲ್ಲಿ ಲೇಬಲ್ ಅಂಟಿಸುವ ಕುಂಚವಿತ್ತು. ಹೊಸ ಬಾಟಲಿಯ ಅಚ್ಚು ನೋಡಬೇಕು, ಮೂರು ಗಂಟೆಯ ಬಸ್ಸಿಗೆ ಹೊರಡುತ್ತೇನೆ, ಮೂರು ದಿನ ಕಾರ್ಖಾನೆಯಲ್ಲೇ ಇದ್ದು ಬರುತ್ತೇನೆ ಎಂದು ನನ್ನ ತಮ್ಮ ಶನಿವಾರ ಊಟದ ಹೊತ್ತಿಗೆ ಹೇಳಿದ್ದ. ಆದ್ದರಿಂದ ನಾವು ಯಾರೂ ಅವನನ್ನು ಹುಡುಕಿರಲಿಲ್ಲ.

ನಾನು ಕುಂಚವನ್ನು ನೀರಿನ ಲೋಟಕ್ಕೆ ಹಾಕಿ ಎದ್ದೆ. ಅವನ ಕೋಣೆಯ ಬಾಗಿಲು ತೆರೆದು ನೋಡಿದೆ. ಬಟ್ಟೆ ತುಂಬಿದ ಚೀಲ ಮಂಚದ ಮೇಲೆಯೇ ಇತ್ತು. ಪಕ್ಕದಲ್ಲಿ ಕನ್ನಡಕದ ಡಬ್ಬಿ, ಖಾಲಿ. ಚೀಲ ಬಿಟ್ಟು ಕನ್ನಡಕ ಮಾತ್ರ ಹಾಕಿಕೊಂಡು ನನ್ನ ತಮ್ಮ ಹೋಗುವ ಜಾಗ ಈ ಮನೆಯಲ್ಲಿ ಒಂದೇ.

ವೈನಿನ ಪೀಪಾಯಿಗಳಿರುವ ಅಟ್ಟ. ಅದಕ್ಕೆ ಬೀಗ ಹಾಕಿತ್ತು. ಅದರ ಬೀಗದಕೈ ಎರಡು. ಒಂದು ತಮ್ಮನ ಸೊಂಟದಲ್ಲಿರುತ್ತದೆ, ಇನ್ನೊಂದು ಪೀಪಾಯಿ ಕಟ್ಟುವ ಬಡಗಿಯ ಕೊಠಡಿಯಲ್ಲಿ ಮೊಳೆಗೆ ತೂಗುತ್ತಿರುತ್ತದೆ. ಆ ಮೊಳೆಯಿಂದ ಬೀಗದಕೈ ತೆಗೆದುಕೊಂಡು ಏಣಿ ಹತ್ತಿದೆ. ಎಪ್ಪತ್ತನಾಲ್ಕು ವರ್ಷದ ಮೊಣಕಾಲು ಅಂದು ನೋಯಲಿಲ್ಲ.

ಅವನು ಪೀಪಾಯಿಗಳ ಮೂರನೆಯ ಸಾಲಿನ ಕೊನೆಯಲ್ಲಿ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಬದಿಗೆ ಏಟು ಬಿದ್ದಿತ್ತು. ಒಂದು ಮೊಳ ದೂರದಲ್ಲಿ ಬಡಗಿಯ ಕೊಡತಿ. ತಮ್ಮನ ಬಲತೋಳು ಹಲಗೆಗೆ ಅಂಟಿಕೊಂಡಿತ್ತು. ಬಿಡಿಸಲು ಹೋದಾಗ ಅಂಟು ಯಾವುದರದೆಂದು ತಿಳಿಯಿತು. ನಮ್ಮದೇ ವೈನು. ಒಣಗಿ ಜೇನಿನಂತೆ ಗಟ್ಟಿಯಾಗಿತ್ತು.

ನಾನು ಕೂಗಲಿಲ್ಲ. ಅವನ ಪಕ್ಕದಲ್ಲಿ ಕುಳಿತು, ಬೆನ್ನಿನ ಮೇಲೆ ಕೈಯಿಟ್ಟು, ದೇವರ ಹೆಸರನ್ನು ಮೂರು ಸಲ ಹೇಳಿದೆ. ಆಮೇಲೆ ಕೆಳಗಿಳಿದು ಪೊಲೀಸರಿಗೆ ಫೋನ್ ಮಾಡಿದೆ. ಅವರಿಗಿಂತ ಮೊದಲು ಇನ್ನೊಬ್ಬರಿಗೂ ಮಾಡಿದ್ದೆ ಎನ್ನುವುದನ್ನು ಇನ್ಸ್‌ಪೆಕ್ಟರಿಗೆ ಈವರೆಗೆ ಹೇಳಿಲ್ಲ.

*

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ನಾವು ಆರು ಜನ ಅದೇ ಅಟ್ಟದಲ್ಲಿ ನಿಂತಿದ್ದೆವು. ಮೇಲೆ ಹೆಂಚು ಕಾದಿತ್ತು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಅದರಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು.

"ನಾಲ್ಕು ಗಂಟೆಗೆ ಜೀಪು ಹೊರಡುತ್ತೆ ಅಮ್ಮಾ," ಎಂದರು. "ಅಷ್ಟರೊಳಗೆ ನಿಮ್ಮ ಬಡಗಿ ಅದರಲ್ಲಿ ಯಾಕೆ ಕೂರಬಾರದು ಅಂತ ಹೇಳಿ. ಕೊಡತಿ ಅವನದು. ಬೀಗದಕೈ ಅವನ ಕೊಠಡಿಯದು. ಹೋದ ಶುಕ್ರವಾರ ಸಂಜೆ ಯಜಮಾನ್ರ ಜೊತೆ ಜಗಳ ಆಡಿದ್ದನ್ನ ನಿಮ್ಮ ಅಳಿಯಂದಿರೇ ಕೇಳಿಸಿಕೊಂಡಿದಾರೆ. ಇನ್ನೇನು ಬೇಕು?"

"ಇನ್ನೊಂದು ಅಳತೆ ಬೇಕು," ಎಂದರು ನನ್ನ ಪಕ್ಕದಲ್ಲಿದ್ದವರು.

ಇವರೇ ನಾನು ಮೊದಲು ಫೋನ್ ಮಾಡಿದವರು. ಮೂವತ್ತು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದು, ಪ್ರತಿ ವರ್ಷ ಬಂದು ನಮ್ಮ ಮಾಪುಗಳಿಗೆ ಮುದ್ರೆ ಒತ್ತಿ ಹೋಗುತ್ತಿದ್ದರು. ನಿವೃತ್ತಿಯಾದ ಮೇಲೆ ಕಳವು, ಮೋಸ, ಕಾಣೆಯಾದವರು, ಹೀಗೆ ಜನ ತಂದುಕೊಟ್ಟ ಕೆಲಸವನ್ನೆಲ್ಲ ಹಿಡಿದು, ಹಿಡಿದದ್ದನ್ನು ಒಂದೂ ಬಿಡದೆ ಮುಗಿಸಿದವರು. ಸುತ್ತಮುತ್ತಲಿನವರಿಗೆಲ್ಲ ಅವರು 'ಅಳತೆಯವರು'. ಈಗಲೂ ಚೀಲದಲ್ಲಿ ಗೆರೆ ಕೊರೆದ ಹಿತ್ತಾಳೆ ಕೋಲು ಇಟ್ಟುಕೊಂಡೇ ತಿರುಗುತ್ತಾರೆ.

"ಅಳತೆ ನಿಮ್ಮ ಕಾಯಿಲೆ ಸಾರ್," ಎಂದರು ಇನ್ಸ್‌ಪೆಕ್ಟರ್.

"ಹೌದು. ಮದ್ದು ಸಿಕ್ಕಿದ್ರೆ ನಿಮಗೇ ಮೊದಲು ತಿಳಿಸ್ತೀನಿ. ಅಕ್ಕಾವ್ರೇ, ನೀವು ಹೇಳಬೇಕು ಅಂದದ್ದನ್ನ ಹೇಳಿ."

ನಾನು ಹೇಳಲು ಸಿದ್ಧಳಾಗಿಯೇ ಬಂದಿದ್ದೆ. ಮೂರು ದಿನ ಪ್ರಾರ್ಥನೆಯ ನಡುವೆಯೂ ಅದೇ ಯೋಚನೆ ಮಾಡಿದ್ದೆ. ಬಡಗಿ ಕೊಂದವನಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದೆ ಎಂದರೆ ಸಾಲದು, ತೋರಿಸಬೇಕು. ತೋರಿಸುವ ವಸ್ತು ನನ್ನ ಕಾಲಬುಡದಲ್ಲೇ ಇತ್ತು.

ಬಡಗಿ ಏಣಿಯ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದ. ಅವನನ್ನು ನಾವು 'ಬಳೆಗಾರ' ಎಂದು ಕರೆಯುತ್ತೇವೆ, ಪೀಪಾಯಿಗೆ ಕಬ್ಬಿಣದ ಬಳೆ ತೊಡಿಸುವವನು ಎಂದು. ನಲವತ್ತೊಂದು ವರ್ಷದ ಹಿಂದೆ ಈ ಹೆಸರಿಟ್ಟದ್ದು ನನ್ನ ತಮ್ಮ. 'ಹೆಂಗಸರ ಕೈ ಹಿಡಿಯೋ ಅದೃಷ್ಟ ಇಲ್ಲದ ಬಳೆಗಾರ' ಎಂದು ಇಬ್ಬರೂ ನಗುತ್ತಿದ್ದರು. ಇವತ್ತು ಅವನ ಮುಖ ನೋಡಿದರೆ ನಗು ಎನ್ನುವುದು ಆ ಮುಖದ ಮೇಲೆ ಎಂದಾದರೂ ಇತ್ತೇ ಎನಿಸುವಂತಿತ್ತು.

"ಇನ್ಸ್‌ಪೆಕ್ಟರೇ," ಎಂದೆ, "ಈ ಮೂಲೆಯ ಪೀಪಾಯಿ ನೋಡಿ. ಬಿರಡೆ ಅರ್ಧ ಮೇಲೆದ್ದಿದೆ. ಸುತ್ತ ಹಾಕಿದ ಅರಗು ಒಡೆದಿದೆ. ಅಲ್ಲಿಂದ ವೈನು ಉಕ್ಕಿ ಹಲಗೆಯ ಮೇಲೆ ಹರಿದಿದೆ. ನನ್ನ ತಮ್ಮ ಬಿದ್ದದ್ದು ಅದೇ ಅಂಟಿನ ಮೇಲೆ. ಅವನು ಅಟ್ಟ ಹತ್ತಿದ್ದೇ ಇದನ್ನ ನೋಡೋಕೆ."

"ಸರಿ. ಪೀಪಾಯಿ ಸೋರಿತು. ಅದಕ್ಕೇನು?"

"ಈ ಅಟ್ಟದಲ್ಲಿ ಪೀಪಾಯಿ ಸೋರಲ್ಲ."

ನಮ್ಮಲ್ಲಿ ತಯಾರಾಗುವುದು ಒಂದೇ ವಸ್ತು. ದ್ರಾಕ್ಷಿಯನ್ನು ಚಾಪೆಯ ಮೇಲೆ ನಾಲ್ಕು ತಿಂಗಳು ಸುಕ್ಕಾಗುವವರೆಗೆ ಒಣಗಿಸುತ್ತೇವೆ. ಹಿಂಡಿದರೆ ಬರುವ ರಸ ಬಹಳ ಕಡಿಮೆ, ಬಹಳ ಸಿಹಿ. ಅದನ್ನು ಈ ಸಣ್ಣ ಪೀಪಾಯಿಗಳಿಗೆ ಹಾಕಿ, ಹಳೆಯ ಪೀಪಾಯಿಯ ತಳದಲ್ಲಿ ಉಳಿದ ಮಡ್ಡಿಯನ್ನು ಒಂದು ಸೌಟು ಬೆರೆಸುತ್ತೇವೆ. ಆ ಮಡ್ಡಿಗೆ ನಾವು 'ತಾಯಿ' ಎನ್ನುತ್ತೇವೆ. ನಮ್ಮ ಮುತ್ತಾತನ ಕಾಲದ ತಾಯಿ ಇನ್ನೂ ಬದುಕಿದ್ದಾಳೆ. ಆಮೇಲೆ ಬಿರಡೆ ಬಡಿದು, ಅರಗು ಹಾಕಿ, ನೆಲಮಾಳಿಗೆಯ ತಂಪಿನಲ್ಲಲ್ಲ, ಈ ಹೆಂಚಿನ ಕೆಳಗೆ ಹತ್ತು ವರ್ಷ ಬಿಡುತ್ತೇವೆ. ಬೇಸಿಗೆಯಲ್ಲಿ ಬೇಯಬೇಕು, ಚಳಿಯಲ್ಲಿ ಸೆಟೆಯಬೇಕು. ಹಾಗೆ ಬೆಂದು ಸೆಟೆದು ಹತ್ತನೆಯ ವರ್ಷ ಹೊರಗೆ ಬಂದದ್ದನ್ನು ಊಟವಾದ ಮೇಲೆ ಸಣ್ಣ ಗಾಜಿನಲ್ಲಿ ಕುಡಿಯುತ್ತಾರೆ.

ಇಷ್ಟನ್ನು ಇನ್ಸ್‌ಪೆಕ್ಟರಿಗೆ ವಿವರಿಸಿ, ಕೊನೆಗೆ ಮುಖ್ಯ ಮಾತಿಗೆ ಬಂದೆ.

"ಬೇಸಿಗೆಯಲ್ಲಿ ವೈನು ಹಿಗ್ಗುತ್ತೆ. ಅದಕ್ಕೇ ನಾವು ಪೀಪಾಯಿಯನ್ನ ಪೂರ್ತಿ ತುಂಬಲ್ಲ. ನಾಲ್ಕು ಬೆರಳು ಖಾಲಿ ಬಿಡ್ತೀವಿ. ಅದಕ್ಕೆ ಉಸಿರು ಅಂತೀವಿ. ಉಸಿರು ಬಿಟ್ಯಾ ಅಂತ ಕೇಳದೆ ಈ ಮನೇಲಿ ಯಾರೂ ಬಿರಡೆ ಬಡಿದಿಲ್ಲ. ಈ ಪೀಪಾಯಿಗೆ ಎಂಟು ವರ್ಷ. ಆರಿಹೋದದ್ದು ಸೇರಿ ಈಗ ಒಂದು ಗೇಣು ಖಾಲಿ ಇರಬೇಕಿತ್ತು. ಬಗ್ಗಿ ನೋಡಿ."

ಇನ್ಸ್‌ಪೆಕ್ಟರ್ ಬಗ್ಗಿ, ಬಿರಡೆ ತೆಗೆದು, ಟಾರ್ಚು ಹಿಡಿದು ನೋಡಿದರು.

"ಅಂಚಿನವರೆಗೂ ಇದೆಯಲ್ಲ."

"ಇದೆ. ಯಾರೋ ಇದರಿಂದ ಹಳೇ ವೈನು ಕದ್ದಿದಾರೆ. ಗೊತ್ತಾಗಬಾರದು ಅಂತ ಹೊಸದು ಸುರಿದಿದಾರೆ. ಸುರಿಯೋವಾಗ ಉಸಿರು ಬಿಡೋದು ಮರೆತು ಅಂಚಿನವರೆಗೂ ತುಂಬಿದಾರೆ. ಮೊದಲನೇ ಬಿಸಿಲಿನ ವಾರಕ್ಕೆ ಅದು ಹಿಗ್ಗಿ ಬಿರಡೇನ ಎತ್ತಿ ಒಗೆದಿದೆ. ನನ್ನ ತಮ್ಮ ನೋಡಿದ. ಕದ್ದವರು ಅವನನ್ನ ನೋಡಿದ್ರು." ನಾನು ಉಸಿರು ತೆಗೆದುಕೊಂಡೆ. "ಬಳೆಗಾರ ನಲವತ್ತೊಂದು ವರ್ಷದಿಂದ ಉಸಿರು ಬಿಟ್ಟವನು. ಕಣ್ಣು ಕಟ್ಟಿ ಬಿಟ್ರೂ ಅವನ ಕೈ ನಾಲ್ಕು ಬೆರಳಿಗೆ ನಿಲ್ಲುತ್ತೆ. ಈ ತಪ್ಪು ಅವನು ಮಾಡೋ ತಪ್ಪಲ್ಲ. ಬೇರೆ ಕಡೆ ಕಲಿತು ಬಂದವರು ಮಾಡೋದು."

ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು.

ನನ್ನ ತಮ್ಮನ ಅಳಿಯ ಎರಡು ವರ್ಷದ ಹಿಂದೆ ಈ ಮನೆಗೆ ಬಂದವನು. ಅದಕ್ಕೆ ಮೊದಲು ದೊಡ್ಡದೊಂದು ವೈನರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದ. ಅಲ್ಲಿಯ ಪೀಪಾಯಿಗಳನ್ನು ಬಿರಡೆ ಮುಟ್ಟುವಂತೆ ತುಂಬುತ್ತಾರೆ. ಗಾಳಿ ತಾಕಿದರೆ ಅವರ ವೈನು ಕೆಡುತ್ತದೆ.

"ಅತ್ತೆಯವರು ನನ್ನನ್ನೇ ನೋಡ್ತಿದಾರೆ," ಎಂದ ಅವನು. ಕೈಕಟ್ಟಿ ನಿಂತಿದ್ದ. "ನೇರವಾಗಿ ಕೇಳಿಬಿಡಿ. ಬಿಸಿಲಿನಲ್ಲಿ ಸುತ್ತು ಬಳಸು ಯಾಕೆ?"

"ಕೇಳ್ತೀನಿ. ಬಂದ ಮೊದಲನೇ ದಿನ ಇದೇ ಅಟ್ಟದಲ್ಲಿ ನಿಂತು ನೀನು ಏನಂದೆ?"

"ಪೀಪಾಯಿಗೆ ಉಸಿರಾಟ ಬೇರೆ ಬಂತಾ ಅಂತ ನಕ್ಕೆ. ಗಾಳಿ ಬಿಟ್ರೆ ವೈನು ಕೆಡುತ್ತೆ, ಅದು ಮೊದಲನೇ ಪಾಠ ಅಂದೆ. ಮಾವನವರು ನಂಗೆ ಒಂದು ಗಾಜು ಕುಡಿಸಿದ್ರು. ನಾನು ಬಾಯಿ ಮುಚ್ಚಿಕೊಂಡೆ. ಅವತ್ತಿಂದ ನಗಲಿಲ್ಲ."

"ಹತ್ತು ವರ್ಷ ಯಾಕೆ, ಐದು ಸಾಕು ಅಂತ ಹೋದ ತಿಂಗಳೂ ಹೇಳಿದ್ದೆ."

"ಹೇಳಿದ್ದೆ. ಈಗಲೂ ಹೇಳ್ತೀನಿ. ಹಾಗಂತ ಕದೀತೀನಾ?"

"ಶನಿವಾರ ಮೂರು ಗಂಟೆಗೆ ಎಲ್ಲಿದ್ದೆ?"

"ದ್ರಾಕ್ಷಿ ಹಿಂಡೋ ಒತ್ತುಯಂತ್ರದ ಕೆಳಗೆ, ಮೈಯೆಲ್ಲ ಗ್ರೀಸು. ನನ್ನ ಎರಡು ಕಾಲು ಮಾತ್ರ ಹೊರಗೆ ಕಾಣ್ತಿತ್ತು. ಕಾಲು ನೋಡಿ ಗುರುತು ಹಿಡಿಯೋರು ಯಾರಾದ್ರೂ ಇದ್ರೆ ನಾನು ಬಚಾವು." ಅವನು ಹೆಂಡತಿಯ ಕಡೆ ತಿರುಗಿದ. "ನೀನು ಹೇಳೇ."

ನನ್ನ ತಮ್ಮನ ಮಗಳು ಏಣಿಯ ತಲೆಯಲ್ಲಿ, ಕಟಕಟೆಗೆ ಕೈಯಿಟ್ಟು ನಿಂತಿದ್ದಳು. ತಾಯಿಯಿಲ್ಲದ ಕೂಸಾಗಿ ನನ್ನ ಮಡಿಲಿಗೆ ಬಂದವಳು. ಅವಳಿಗೆ ಅಕ್ಷರ ಕಲಿಸಿದ್ದು ನಾನು. ಲೇಬಲ್ ಬರೆಯಲು ಕಲಿಸಿದ್ದೂ ನಾನು. ಅತ್ತು ಅತ್ತು ಕಣ್ಣು ಊದಿತ್ತು, ಆದರೆ ಬೆನ್ನು ನೆಟ್ಟಗಿತ್ತು.

"ಕಾಲು ಇವರದೇ," ಎಂದಳು. "ಒಂದು ಸಾಕ್ಸು ನೀಲಿ, ಒಂದು ಕಪ್ಪು."

ಇನ್ಸ್‌ಪೆಕ್ಟರ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಸಾಕ್ಸಿನ ಬಣ್ಣವೇ ಇರಬೇಕು.

"ಜಗಳದ ಮಾತು ನೀನು ಕೇಳಿಸಿಕೊಂಡದ್ದು ಏನು?" ಎಂದು ಅಳತೆಯವರು ಅಳಿಯನನ್ನು ಕೇಳಿದರು.

"ಮಾವ ಅಂದ್ರು, ತೆಗಿ ಅಂದ್ರೆ ತೆಗಿ. ಇವನು ಅಂದ, ಬೇಡ ಯಜಮಾನ್ರೇ, ನನ್ನ ಕೈಲಿ ಮಾಡಿಸಬೇಡಿ. ಅಷ್ಟೇ."

"ಏನನ್ನ ತೆಗೀಬೇಕಿತ್ತು ಬಳೆಗಾರ?"

ಬಡಗಿ ನೆಲ ನೋಡಿದ. "ಹಳೇ ಬಳೆ," ಎಂದ. ಸ್ವಲ್ಪ ತಡವಾಗಿ ಹೇಳಿದ. ಆ ತಡವನ್ನು ನಾನು ಗಮನಿಸಿದೆ, ದುಃಖದಲ್ಲಿರುವವನ ತಡ ಎಂದುಕೊಂಡೆ.

"ನೋಡಿ ಇನ್ಸ್‌ಪೆಕ್ಟರೇ," ಎಂದ ಅಳಿಯ, "ಅತ್ತೆಯವರ ಲೆಕ್ಕದಲ್ಲಿ ಹೊರಗಿಂದ ಬಂದವನೇ ಕಳ್ಳ. ನಾನು ತುಂಬಿದ್ರೆ ಅಂಚಿನವರೆಗೆ ತುಂಬ್ತಿದ್ದೆ, ಒಪ್ಪಿದೆ. ಆದ್ರೆ ನಾನು ತುಂಬಲಿಲ್ಲ. ಎರಡು ವರ್ಷದಲ್ಲಿ ಈ ಅಟ್ಟ ಹತ್ತಿದ್ದೇ ಮೂರು ಸಲ. ನಂಗೆ ಇಲ್ಲಿ ತಲೆ ತಿರುಗುತ್ತೆ. ಈಗಲೂ ತಿರುಗ್ತಾ ಇದೆ."

ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅದು ನಿಜವೇ ಇರಬಹುದು. ನನ್ನ ನಿಶ್ಚಯ ಅಲುಗಲಿಲ್ಲ.

"ಸರಿ," ಎಂದರು ಅಳತೆಯವರು. "ಇಬ್ಬರ ಮಾತೂ ಮುಗೀತು. ಈಗ ವೈನನ್ನೇ ಕೇಳೋಣ. ಅಕ್ಕಾವ್ರೇ, ಇದಕ್ಕೆ ಹೊಸದು ಬೆರೆತಿದ್ರೆ ನಿಮಗೆ ತಿಳಿಯುತ್ತಾ?"

"ಒಂದು ಚಮಚ ಬೆರೆತಿದ್ರೂ ತಿಳಿಯುತ್ತೆ."

"ಒಂದು ಗೇಣು ಬೆರೆತಿದ್ರೆ?"

"ಮೂಸಿದ್ರೇ ಸಾಕು."

ಇದು ಜಂಬವಲ್ಲ. ಐವತ್ತಾರು ವರ್ಷದಿಂದ ಈ ಮನೆಯಲ್ಲಿ ಯಾವ ಪೀಪಾಯಿ ತಯಾರಾಗಿದೆ, ಯಾವುದು ಇನ್ನೂ ಇರಲಿ ಎಂದು ಹೇಳುವವಳು ನಾನು. ತಮ್ಮ ತುಂಬುತ್ತಿದ್ದ, ನಾನು ರುಚಿ ನೋಡುತ್ತಿದ್ದೆ. ನಾನು 'ಇರಲಿ' ಎಂದರೆ ಅವನು ಮರುಮಾತಿಲ್ಲದೆ ಮತ್ತೆ ಅರಗು ಕಾಯಿಸುತ್ತಿದ್ದ.

ಗಾಜಿನ ಕೊಳವೆಯನ್ನು ಬಿರಡೆಯ ತೂತಿನಲ್ಲಿ ಇಳಿಬಿಟ್ಟು, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿದೆ. ಒಂದು ಗುಟುಕಿನಷ್ಟು ಗಾಜಿಗೆ ಬಂತು. ಹೆಂಚಿನ ಸಂದಿನ ಬೆಳಕಿಗೆ ಹಿಡಿದೆ. ಕಡುಜೇನಿನ ಬಣ್ಣ, ಅಂಚಿನಲ್ಲಿ ಸಣ್ಣ ಹಸಿರು. ಮೂಸಿದೆ. ಒಣ ಅಂಜೂರ, ಹಳೆಯ ಮರದ ಪೆಟ್ಟಿಗೆ, ಸುಟ್ಟ ಸಕ್ಕರೆ. ಬಾಯಿಗೆ ಹಾಕಿಕೊಂಡೆ.

ಎಂಟು ವರ್ಷ. ಒಂದೇ ಉದ್ದನೆಯ ಎಂಟು ವರ್ಷ, ಎಲ್ಲೂ ಹರಿದಿಲ್ಲ, ಎಲ್ಲೂ ತೇಪೆಯಿಲ್ಲ.

ಇನ್ನೊಮ್ಮೆ ನೋಡಿದೆ. ಈ ಸಲ ಕಣ್ಣು ಮುಚ್ಚಿದೆ. ನಾಲಿಗೆ ಅದನ್ನೇ ಹೇಳಿತು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ಸ್‌ಪೆಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದರು. 'ಬೆರೆತಿದೆ' ಎಂಬ ಒಂದು ಮಾತು ಸಾಕಿತ್ತು. ಬಳೆಗಾರ ಕಂಬ ಬಿಟ್ಟು ಮನೆಗೆ ಹೋಗುತ್ತಿದ್ದ. ನನ್ನ ನಾಲಿಗೆಯನ್ನು ಪರೀಕ್ಷಿಸಲು ಇಲ್ಲಿ ಇನ್ನೊಂದು ನಾಲಿಗೆ ಇಲ್ಲ. ನನ್ನ ತಮ್ಮನಿದ್ದ, ಈಗ ಇಲ್ಲ.

ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ದೇವರೇ. ಬೆಳಿಗ್ಗೆ ನಾನು ಅವನ ಮುಂದೆ ಮೊಣಕಾಲೂರಿ ಕೇಳಿದ್ದು ನಿಜವನ್ನು. ನನಗೆ ಬೇಕಾದ ನಿಜವನ್ನು ಎಂದು ಕೇಳಿರಲಿಲ್ಲ.

"ಇದರಲ್ಲಿ ಹೊಸದು ಒಂದು ಹನಿಯೂ ಇಲ್ಲ," ಎಂದೆ.

ಅಳಿಯ ಕಟ್ಟಿದ ಕೈ ಬಿಟ್ಟ. "ಅತ್ತೆಯವರೇ," ಎಂದು ಕರೆದು ಮೆಲ್ಲಗೆ, "ನಿಮಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಮಾವ ಹೇಳ್ತಿದ್ರು. ನಾನು ನಂಬಿರಲಿಲ್ಲ," ಎಂದ.

"ನಿನ್ನ ಮೇಲೆ ಸುಮ್ಮನೆ ಹೊರಿಸಿದೆ," ಎಂದೆ ನಾನು. "ತಪ್ಪು ನನ್ನದು. ಕ್ಷಮಿಸು."

ಅವನು ತಲೆಯಾಡಿಸಿ ಪಕ್ಕಕ್ಕೆ ಸರಿದ.

"ಹಾಗಾದ್ರೆ ಅಂಚಿನವರೆಗೆ ಬಂದದ್ದು ಹೇಗೆ?" ಎಂದರು ಇನ್ಸ್‌ಪೆಕ್ಟರ್. "ಎಂಟು ವರ್ಷ ಆರಿಹೋಗಿ ಕಡಿಮೆ ಆಗಬೇಕಾದ್ದು ಜಾಸ್ತಿ ಆಗಿದೆ. ಹೊಸದೂ ಸುರಿದಿಲ್ಲ. ಪೀಪಾಯಿ ಒಳಗೆ ಬಾವಿ ಇದೆಯಾ?"

ಅಳತೆಯವರು ನಗಲಿಲ್ಲ. ಆಗಲೇ ಚೀಲ ಬಿಚ್ಚಿ ಹಿತ್ತಾಳೆ ಕೋಲನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು.

"ಸ್ನಾನದ ತೊಟ್ಟಿ ತುಂಬಿಸಿಟ್ಟು ನೀವು ಇಳಿದರೆ ನೀರು ಮೇಲೇರುತ್ತೆ," ಎಂದರು. "ನೀರು ಹೆಚ್ಚಾಯ್ತು ಅಂತ ಯಾರೂ ಅನ್ನಲ್ಲ. ನೀವು ಒಳಗಿದೀರಿ ಅಂತಾರೆ. ವೈನು ಹೆಚ್ಚಾಗಿಲ್ಲ ಅಂತ ಅಕ್ಕಾವ್ರು ಹೇಳಿದ್ರು. ಹಾಗಾದ್ರೆ ಜಾಗ ಕಡಿಮೆಯಾಗಿದೆ."

ಕೋಲನ್ನು ಬಿರಡೆಯ ತೂತಿನಲ್ಲಿ ನೆಟ್ಟಗೆ ಇಳಿಸಿದರು. ಈ ಪೀಪಾಯಿಯ ಆಳ ಎರಡು ಗೇಣಿಗೆ ಸ್ವಲ್ಪ ಮೇಲೆ. ಕೋಲು ಒಂದು ಗೇಣು ಇಳಿದು ನಿಂತಿತು. ಅವರು ಅದನ್ನು ಮೆಲ್ಲಗೆ ಎತ್ತಿ ಕುಟ್ಟಿದರು. ಮರದ ಸದ್ದಲ್ಲ, ಮಡ್ಡಿಯ ಮೆತ್ತಗೂ ಅಲ್ಲ. ತಗಡಿನ ಸದ್ದು.

ಮತ್ತೊಮ್ಮೆ ಕುಟ್ಟಿದರು. ಮತ್ತೆ ಅದೇ ಸದ್ದು.

"ಒಂದು ಗೇಣು ಏರಿದೆ ಅಂದ್ರೆ," ಎಂದರು ಅಳತೆಯವರು, ತಮ್ಮಷ್ಟಕ್ಕೇ ಹೇಳಿಕೊಳ್ಳುವಂತೆ, "ಸುಮಾರು ಹದಿನೈದು ಲೀಟರಿನ ಜಾಗ. ಒಂದು ದೊಡ್ಡ ಕೊಡದ ಗಾತ್ರದ ಡಬ್ಬಿ. ಚಳಿಗಾಲದಲ್ಲಿ ಇಟ್ಟಿರಬೇಕು. ಅದಕ್ಕೂ ಮುಂಚೆ ಇಟ್ಟಿದ್ರೆ ಹೋದ ಬೇಸಿಗೆಗೇ ಬಿರಡೆ ಎದ್ದಿರೋದು."

ನಾನು ಬಿರಡೆಯ ತೂತನ್ನು ನೋಡಿದೆ. ನನ್ನ ಎರಡು ಬೆರಳು ಒಟ್ಟಿಗೆ ಹೋದರೆ ಹೆಚ್ಚು. ಕೊಡದ ಗಾತ್ರದ ಡಬ್ಬಿ ಅದರಲ್ಲಿ ಹೋಗದು. ಪೀಪಾಯಿಯ ಒಂದು ಕೊನೆಯ ದುಂಡು ಹಲಗೆಯನ್ನೇ ಕಳಚಬೇಕು. ಬಳೆ ಸಡಿಲಿಸಿ, ಹಲಗೆ ತೆಗೆದು, ಡಬ್ಬಿ ಇಟ್ಟು, ವೈನನ್ನು ಒಂದು ತೊಟ್ಟೂ ಚೆಲ್ಲದೆ ವಾಪಸು ಹಾಕಿ, ಮತ್ತೆ ಬಳೆ ಬಿಗಿಯಬೇಕು. ನಾಲ್ಕು ತಿಂಗಳಾದರೂ ಆ ಕೊನೆಯಿಂದ ಒಂದು ಹನಿ ಜಿನುಗಿಲ್ಲ.

ಹಾಗೆ ಮಾಡಬಲ್ಲ ಕೈ ಈ ಮನೆಯಲ್ಲಿ ಒಂದೇ. ಈ ಸುತ್ತಿನಲ್ಲೆಲ್ಲ ಒಂದೇ.

ನಾನು ಕಂಬದ ಕಡೆ ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ. ಬಡಗಿಯೇ ಮುಂದೆ ಬಂದು ಪೀಪಾಯಿಯ ಪಕ್ಕ ಕುಳಿತ. ಅದರ ಹೊಟ್ಟೆಯ ಮೇಲೆ ಅಂಗೈಯಿಟ್ಟ, ಕರು ಹಾಕಿದ ಹಸುವಿನ ಮೇಲೆ ಇಡುವಂತೆ.

"ಕೆಲಸ ನಂದೇ ಅಕ್ಕಾ," ಎಂದ. "ಇನ್ನೊಬ್ಬರ ಕೈಲಿ ಇಷ್ಟು ಸರಿಯಾಗಿ ಬರಲ್ಲ."

ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಕಸುಬಿನ ಹೆಮ್ಮೆಯಿತ್ತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಉಸಿರು ಬಿಡೋದು ಮರೆತೆಯಾ?" ಎಂದು ಕೇಳಿದೆ. ಕೇಳಬೇಕಾದದ್ದು ಅದಲ್ಲ ಎಂದು ಗೊತ್ತಿತ್ತು.

"ಮರೀಲಿಲ್ಲ. ಒಂದು ಗೇಣು ಖಾಲಿ ಇತ್ತು. ಡಬ್ಬಿ ಅಷ್ಟನ್ನೂ ನುಂಗಿಬಿಡ್ತು. ಎರಡು ತಂಬಿಗೆ ವೈನು ಈಚೆ ತೆಗೀಬೇಕಾಗಿತ್ತು. ಯಜಮಾನ್ರದ್ದನ್ನ ಚೆಲ್ಲೋಕೆ ಮನಸ್ಸು ಬರಲಿಲ್ಲ. ಚಳಿಗಾಲ ಅಲ್ವಾ, ಬೇಸಿಗೆಗೆ ಮುಂಚೆ ಬಂದು ತಗೊಂಡು ಹೋಗ್ತಾರೆ ಅಂದ್ಕೊಂಡೆ. ಯಾರೂ ಬರಲಿಲ್ಲ."

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡರು. "ತೆಗಿ ಅಂದ್ರೆ ತೆಗಿ ಅಂದದ್ದು ಇದನ್ನೇ."

"ಇದನ್ನೇ. ಬಿರಡೆ ಎದ್ದಿದ್ದು ನೋಡಿ ಶುಕ್ರವಾರ ನನ್ನನ್ನ ಕರೆದ್ರು. ಬೇಡ ಅಂದೆ. ತೆಗೆಯಲ್ಲ ಅಂತ ಮಾತು ಕೊಟ್ಟಿದ್ದೆ." ಅವನು ತಲೆಯೆತ್ತಿ ಇನ್ಸ್‌ಪೆಕ್ಟರನ್ನೇ ನೋಡಿದ. "ಜೀಪಿಗೆ ಹತ್ತಿಸಿ, ಹತ್ತುತೀನಿ. ಡಬ್ಬಿ ಇಟ್ಟದ್ದು ನಾನು. ಆದ್ರೆ ಯಜಮಾನ್ರ ಮೇಲೆ ಕೈ ಎತ್ತಿದವನು ನಾನಲ್ಲ. ಶನಿವಾರ ಮಧ್ಯಾಹ್ನ ನನ್ನ ಕೊಡತಿ ಮೊಳೆ ಮೇಲಿರಲಿಲ್ಲ. ಬೀಗದಕೈಯೂ ಇರಲಿಲ್ಲ, ಸಂಜೆಗೆ ಅದು ಮಾತ್ರ ವಾಪಸು ಬಂದಿತ್ತು. ಯಜಮಾನ್ರು ತಾವೇ ತೆಗೀತಾರೇನೋ ಅಂತ ನಾನು ಸುಮ್ಮನಿದ್ದೆ."

"ಮಾತು ಕೊಟ್ಟದ್ದು ಯಾರಿಗೆ?" ಎಂದರು ಅಳತೆಯವರು.

ಬಡಗಿ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದ. ನಲವತ್ತೊಂದು ವರ್ಷದಲ್ಲಿ ಅವನು ನನ್ನನ್ನು ಹಾಗೆ ನೋಡಿರಲಿಲ್ಲ. ನಾನು ಅವನ ಮುಂದೆ ನಾಟಕವಾಡುತ್ತಿದ್ದೇನೆ, ಅದನ್ನು ಅವನು ಇಷ್ಟು ಹೊತ್ತು ಸಹಿಸಿಕೊಂಡಿದ್ದಾನೆ ಎನ್ನುವಂತಿತ್ತು ಆ ನೋಟ.

"ನಿಮಗೇ ಅಲ್ವಾ ಅಕ್ಕಾ," ಎಂದ. "ನೀವೇ ತಾನೆ ಹೇಳಿಕಳಿಸಿದ್ದು. ತಮ್ಮನಿಗೆ ತಿಳಿಯಬಾರದು, ತಾನು ಹೇಳೋವರೆಗೆ ತೆಗೆಯೋದಿಲ್ಲ ಅಂತ ದೇವರ ಮೇಲೆ ಮಾತು ತಗೊಂಡು ಬಾ ಅಂತ. ನೀವು ದೇವರ ಹೆಸರು ಸುಮ್ಮನೆ ಎತ್ತೋರಲ್ಲ. ಅದಕ್ಕೇ ನಾನು ಯಜಮಾನ್ರಿಗೂ ಹೇಳಲಿಲ್ಲ, ಪೊಲೀಸರಿಗೂ ಹೇಳಲಿಲ್ಲ."

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು.

"ನಾನು ಹೇಳಿಕಳಿಸಲಿಲ್ಲ," ಎಂದೆ. ನನ್ನ ದನಿ ನಡುಗಲಿಲ್ಲ, ಅದಕ್ಕೆ ದೇವರಿಗೆ ಋಣಿ. "ಈ ಡಬ್ಬಿಯ ವಿಷಯ ನನಗೆ ಈಗಲೇ ತಿಳಿದದ್ದು. ನಾನು ಹೇಳಿಕಳಿಸಿದೆ ಅಂತ ಬಂದು ಹೇಳಿದ್ದು ಯಾರು ಬಳೆಗಾರ?"

ಅವನ ಕಣ್ಣು ಏಣಿಯ ತಲೆಯ ಕಡೆ ಹೋಯಿತು. ಅವನಿಗೂ ಈಗಲೇ ಅರ್ಥವಾಗುತ್ತಿತ್ತು.

"ನಾನು, ಅತ್ತೆ," ಎಂದಳು ನನ್ನ ತಮ್ಮನ ಮಗಳು.

ಅವಳು ಕಟಕಟೆಯಿಂದ ಕೈ ತೆಗೆದಿರಲಿಲ್ಲ. ಗಂಡ ಅವಳ ಕಡೆ ಒಂದು ಹೆಜ್ಜೆಯಿಟ್ಟ. ಅವಳು ಬೇಡವೆಂದು ತಲೆಯಾಡಿಸಿದಳು.

"ತೆರೀರಿ," ಎಂದಳು. "ಒಳಗೇನಿದೆ ಅಂತ ನೋಡಿ. ಆಮೇಲೆ ಕೇಳಿ, ಎಲ್ಲ ಹೇಳ್ತೀನಿ. ಮೊದಲೇ ಹೇಳಿದ್ರೆ ನೀವು ಯಾರೂ ನಂಬಲ್ಲ, ಅತ್ತೆ. ನೀವಂತೂ ನಂಬೋದೇ ಇಲ್ಲ."

ಇನ್ಸ್‌ಪೆಕ್ಟರ್ ಏಣಿಗೆ ಅಡ್ಡವಾಗಿ ಹೋಗಿ ನಿಂತರು. ಅಳತೆಯವರು ಬಡಗಿಯ ಕಡೆ ನೋಡಿ ಕಣ್ಣಲ್ಲೇ ಸನ್ನೆ ಮಾಡಿದರು. ಬಡಗಿ ಮೊದಲ ಬಳೆಯ ಮೇಲೆ ಉಳಿಯಿಟ್ಟು ಒಂದು ಏಟು ಹಾಕಿದ. ಬಳೆ ಒಂದು ಬೆರಳು ಜಾರಿತು. ಇನ್ನೊಂದು ಏಟು. ದುಂಡು ಹಲಗೆಯ ಅಂಚಿನಲ್ಲಿ ಕಪ್ಪು ಜೇನಿನ ಒಂದು ಗೆರೆ ಮೂಡಿತು.

ನಾನು ಹೋಗಿ ಹುಡುಗಿಯ ಪಕ್ಕ ನಿಂತು ಅವಳ ಕೈ ಹಿಡಿದುಕೊಂಡೆ. ಬೆವರಿ ತಣ್ಣಗಾಗಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಶನಿವಾರ ಅವಳು ಗಂಡನ ಕಾಲು ನೋಡಿದ್ದಳು, ಅವಳನ್ನು ನೋಡಿದವರು ಯಾರೂ ಇರಲಿಲ್ಲ. ಮೂರನೆಯ ಏಟಿಗೆ ನಾನು ಕಣ್ಣು ಮುಚ್ಚಿದೆ.

ದೇವರೇ, ನನ್ನ ತಮ್ಮ ನಿನ್ನ ಬಳಿಗೆ ಬಂದು ಏಳು ದಿನವಾಗುತ್ತಾ ಬಂತು. ಅವನಿಗೆ ಕನ್ನಡಕವಿಲ್ಲದೆ ದೂರ ಕಾಣದು, ಕೈ ಹಿಡಿದು ಕರೆದುಕೋ. ಕೊನೆಯ ಗಳಿಗೆಯಲ್ಲಿ ಅವನು ತಿರುಗಿ ನೋಡಿದ್ದರೆ, ನೋಡಿದ್ದು ಪ್ರೀತಿಸಿದವರ ಮುಖವೇ ಆಗಿದ್ದರೆ, ಆ ನೋಟವನ್ನು ಅವನ ಕಣ್ಣಿನಿಂದ ಒರೆಸಿಬಿಡು. ಈ ಹಲಗೆಯ ಹಿಂದೆ ಇರುವುದನ್ನು ನಾವು ನೋಡುತ್ತೇವೆ, ಅದನ್ನು ಹೊರುವ ಶಕ್ತಿ ನಮಗಿರಲಿ. ಅವನಿಗೆ ಹೊರೆ ಬೇಡ. ಅವನ ಆತ್ಮಕ್ಕೆ ಶಾಂತಿ ಕೊಡು.